ಬಾಳೆಯ ಹೂವು: ಅದರ ಗುಣವೂ ಅದರ ಲೆಕ್ಕವೂ

ಬಾಳೆಯ ಗಿಡದಲ್ಲಿ ನಿರುಪಯುಕ್ತವಾದ ಭಾಗವೊಂದೂ ಇಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಅತಿಶಯೋಕ್ತಿಯಲ್ಲ. ಅದರ ಎಲೆಯಲ್ಲಿ ಉಣ್ಣುತ್ತೇವೆ; ಹಣ್ಣನ್ನು ದೇವರಿಗೆ ನಿವೇದಿಸಿ ತಿನ್ನುತ್ತೇವೆ; ಕಾಯಿಯನ್ನು ಹುಳಿಗೂ ಪಲ್ಯಕ್ಕೂ ಹಾಕುತ್ತೇವೆ; ದಿಂಡನ್ನು ಹೆಚ್ಚಿ ಕೋಸಂಬರಿ ಮಾಡುತ್ತೇವೆ; ಪಟ್ಟೆಯ ನಾರಿನಿಂದ ಹೂವು ಕಟ್ಟುತ್ತೇವೆ; ಶುಭಕಾರ್ಯ ಬಂದರೆ ಇಡಿಯ ಗಿಡವನ್ನೇ ಚಪ್ಪರದ ಬಾಗಿಲಿಗೆ ನಿಲ್ಲಿಸುತ್ತೇವೆ. ಇಷ್ಟೊಂದು ಆದರಕ್ಕೆ ಪಾತ್ರವಾದ ಗಿಡದಲ್ಲಿ ಹೂವಿನ ಪಾಡು ಮಾತ್ರ ವಿಚಿತ್ರವಾಗಿರುವುದು. ತೋಟದವರು ಗೊನೆಯ ತುದಿಯಿಂದ ಅದನ್ನು ಮುರಿದು ಗೊಬ್ಬರದ ಗುಂಡಿಗೆ ಎಸೆಯುವುದೇ ಹೆಚ್ಚು. ಪಟ್ಟಣದ ಮನೆಗಳಲ್ಲಿ ಅದನ್ನು ಬಿಡಿಸುವ ತಾಳ್ಮೆ ಇಲ್ಲದ್ದರಿಂದ ಅಡಿಗೆಯ ಮನೆಯಿಂದಲೂ ಅದು ಮರೆಯಾಗುತ್ತ ಬಂದಿದೆ.

ಇದು ಒಂದು ಕಡೆ. ಮತ್ತೊಂದು ಕಡೆ, ಈಚಿನ ವರ್ಷಗಳಲ್ಲಿ ಅದೇ ಹೂವಿಗೆ ಬೇರೊಂದು ಬಗೆಯ ಕೀರ್ತಿ ಬಂದಿರುವುದು. ಅದು ರಕ್ತವನ್ನು ವೃದ್ಧಿಪಡಿಸುವುದೆಂದೂ, ಮಧುಮೇಹವನ್ನು ವಾಸಿಮಾಡುವುದೆಂದೂ, ಅದರಲ್ಲಿ ಕಬ್ಬಿಣದ ಗಣಿಯೇ ಇರುವುದೆಂದೂ ಬಾಯಿಂದ ಬಾಯಿಗೆ ಹರಡಿದೆ. ಅನಾದರವು ಹೇಗೆ ಅನ್ಯಾಯವೋ ಅತಿಸ್ತುತಿಯೂ ಹಾಗೆಯೇ ಅನ್ಯಾಯ. ಮೊದಲನೆಯದರಿಂದ ಒಳ್ಳೆಯ ತರಕಾರಿಯೊಂದು ನಷ್ಟವಾಗುವುದು. ಎರಡನೆಯದರಿಂದ ಚಿಕಿತ್ಸೆ ಪಡೆಯಬೇಕಾದ ರೋಗಿಯ ಕಾಲವು ನಷ್ಟವಾಗುವುದು. ಆದುದರಿಂದ ಈ ಹೂವಿನಲ್ಲಿ ನಿಜವಾಗಿ ಏನಿದೆ, ಏನಿಲ್ಲ ಎಂಬುದನ್ನು ಗೃಹಸ್ಥರೂ ಗೃಹಿಣಿಯರೂ ಲೆಕ್ಕಹಾಕಿ ತಿಳಿಯುವುದು ಒಳ್ಳೆಯದೆಂದು ಈ ಲೇಖನವನ್ನು ಬರೆಯಲಾಗಿದೆ.

ಹೆಸರುಗಳು

ಅಮರಸಿಂಹನು ತನ್ನ ಕೋಶದ ವನೌಷಧಿವರ್ಗದಲ್ಲಿ ಬಾಳೆಗೆ ಕೊಟ್ಟಿರುವ ಹೆಸರುಗಳಲ್ಲಿ ಕದಲೀ, ರಂಭಾ, ಮೋಚಾ ಎಂಬಿವು ನಮಗೆ ಪರಿಚಿತವಾದುವು. ಇವುಗಳಲ್ಲಿ ‘ಮೋಚಾ’ ಎಂಬುದನ್ನು ಬಿಡುವುದು, ಕಳಚುವುದು ಎಂಬ ಅರ್ಥದ ‘ಮುಚ್’ ಧಾತುವಿಗೆ ಸೇರಿಸಿ ವಿವರಿಸುವುದುಂಟು. ಪಟ್ಟೆಯ ಮೇಲೆ ಪಟ್ಟೆಯನ್ನು ಕಳಚುವ ಗಿಡಕ್ಕೂ, ಎಸಳಿನ ಮೇಲೆ ಎಸಳನ್ನು ಕಳಚುವ ಹೂವಿಗೂ ಈ ಹೆಸರು ಒಪ್ಪುವುದು. ಬಂಗಾಳದಲ್ಲಿ ಇಂದಿಗೂ ‘ಮೋಚಾ’ ಎಂದರೆ ಬಾಳೆಯ ಹೂವೇ. ಅಲ್ಲಿಯ ‘ಮೋಚಾರ್ ಘೊಂಟೊ’ ಎಂಬ ವ್ಯಂಜನವು ಪ್ರಸಿದ್ಧವಾದುದು. ನಮ್ಮ ಕವಿಗಳು ಬಾಳೆಯ ಕಂಬದ ನುಣುಪನ್ನು ಸ್ತ್ರೀಯರ ಊರುವಿಗೆ ಹೋಲಿಸಿ ಬೇಸರವಿಲ್ಲದೆ ವರ್ಣಿಸಿದರು. ಆದರೆ ಹೂವನ್ನು ಆಳಿದವರು ಕವಿಗಳಲ್ಲ, ಬಾಣಸಿಗರು.

ಕನ್ನಡದಲ್ಲಿ ಈ ಹೂವಿಗೆ ಸೀಮೆಗೊಂದು ಹೆಸರು. ಹಳೆಯ ಮೈಸೂರಿನ ಕಡೆ ಬಾಳೆಹೂವು, ಬಾಳೆಮೂತಿ ಎನ್ನುವರು. ಮಲೆನಾಡಿನಲ್ಲಿ ಬಾಳೆಕುಂಡಿಗೆ ಎನ್ನುವುದು ರೂಢಿ. ದಕ್ಷಿಣ ಕನ್ನಡದಲ್ಲಿ ತುಳುವರ ಮಾತಿನಂತೆ ಪೂಂಬೆ ಎನ್ನುವರು. ತಮಿಳರಿಗೆ ಇದು ವಾಳೈಪ್ಪೂ, ಮಲೆಯಾಳಿಗಳಿಗೆ ವಾಳಕ್ಕೂಂಬು, ಮಹಾರಾಷ್ಟ್ರದವರಿಗೆ ಕೇಳಫೂಲ. ಒಂದು ಪದಾರ್ಥಕ್ಕೆ ಇಷ್ಟು ಹೆಸರುಗಳಿರುವುದೆಂದರೆ ಅದು ಬಹುಕಾಲದಿಂದ ಅಡಿಗೆಯ ಮನೆಗಳಲ್ಲಿ ಬಳಕೆಯಲ್ಲಿತ್ತೆಂದೇ ಅರ್ಥ.

ಹೂವಿನ ರಚನೆ

ಬಾಳೆಯನ್ನು ಮರವೆಂದು ಕರೆಯುವುದು ಮಾತಿನ ರೂಢಿಯೇ ಹೊರತು ಸಸ್ಯಶಾಸ್ತ್ರದ ರೀತ್ಯಾ ಅದು ಒಂದು ದೊಡ್ಡ ಗಿಡ. ನಾವು ಕಾಂಡವೆಂದು ತಿಳಿಯುವುದು ಎಲೆಗಳ ಬುಡದ ಪಟ್ಟೆಗಳು ಒಂದರೊಳಗೊಂದು ಸುತ್ತಿಕೊಂಡು ಆದ ಕಂಬ. ನಿಜವಾದ ಕಾಂಡವು ನೆಲದೊಳಗಿನ ಗಡ್ಡೆ. ಕಾಲ ಬಂದಾಗ ಆ ಗಡ್ಡೆಯಿಂದ ಒಂದು ದಂಟು ಹೊರಟು, ಕಂಬದ ನಡುವೆ ಮೇಲೇರಿ, ತಲೆಯಲ್ಲಿ ಹೊರಬಿದ್ದು ಬಾಗುವುದು. ಕಂಬದೊಳಗಿನ ಆ ದಂಟೇ ನಾವು ತಿನ್ನುವ ದಿಂಡು. ಅದರ ತುದಿಯಲ್ಲಿರುವುದೇ ಹೂವು.

ಈ ಹೂವು ಒಂದೇ ಹೂವಲ್ಲ. ನೂರಾರು ಹೂವುಗಳ ಸಮೂಹ. ಕೆಂಪು ನೇರಿಳೆಯ ಬಣ್ಣದ ಒಂದೊಂದು ದಪ್ಪ ಎಸಳಿನ ಮರೆಯಲ್ಲಿಯೂ ಎರಡು ಸಾಲಾಗಿ ಸಣ್ಣ ಹೂವುಗಳಿರುವುವು. ಮೊದಲು ತೆರೆಯುವ ಎಸಳುಗಳ ಕೆಳಗೆ ಇರುವುವು ಹೆಣ್ಣು ಹೂವುಗಳು; ಅವೇ ಬೆಳೆದು ಚಿಪ್ಪುಗಳಾಗುವುವು. ಅನಂತರ ತೆರೆಯುವ ಎಸಳುಗಳಲ್ಲಿ ಗಂಡು ಹೂವುಗಳೇ ಇರುವುದರಿಂದ ಅವು ಕಾಯಿ ಕಟ್ಟದೆ ಉದುರಿಹೋಗುವುವು. ಕಾಡುಬಾಳೆಯಲ್ಲಿ ಬಾವಲಿಗಳೂ ಸಣ್ಣ ಹಕ್ಕಿಗಳೂ ಮಕರಂದಕ್ಕಾಗಿ ಬಂದು ಪರಾಗಸ್ಪರ್ಶ ಮಾಡುವುವು. ನಾವು ಬೆಳೆಯುವ ಬಾಳೆಗಳಲ್ಲಿ ಪರಾಗದ ನೆರವಿಲ್ಲದೆಯೇ ಕಾಯಿಯು ತುಂಬುವುದು. ಆದ ಕಾರಣವೇ ಹಣ್ಣಿನಲ್ಲಿ ಬೀಜವಿಲ್ಲ.

ಇದರಿಂದ ಗೃಹಸ್ಥರು ಗಮನಿಸತಕ್ಕ ಸಂಗತಿಯೊಂದುಂಟು. ಕೊನೆಯ ಚಿಪ್ಪು ಬಿಟ್ಟಾದ ಮೇಲೆ ತುದಿಯಲ್ಲಿ ಜೋಲುವ ಹೂವಿನಿಂದ ಗೊನೆಗೆ ಯಾವ ಪ್ರಯೋಜನವೂ ಇಲ್ಲ. ಅದನ್ನು ಕತ್ತರಿಸಿದರೆ ಗೊನೆಗೆ ಕೇಡಾಗುವುದಿಲ್ಲ. ಗಿಡದ ಸಾರವು ಗಂಡು ಹೂವುಗಳಿಗೆ ವ್ಯಯವಾಗದೆ ಕಾಯಿಗಳಿಗೆ ಸೇರಿ ಅವು ಚೆನ್ನಾಗಿ ತುಂಬುವುವು. ಆದುದರಿಂದ ತೋಟಗಾರಿಕೆಯ ತಜ್ಞರೇ ಹೂವನ್ನು ಮುರಿಯಬೇಕೆಂದು ಹೇಳುವರು. ಹಣ್ಣಿಗಾಗಿ ಬೆಳೆದ ಗಿಡದಿಂದ ತರಕಾರಿಯೊಂದು ಯಾವ ಹೆಚ್ಚಿನ ವೆಚ್ಚವೂ ಇಲ್ಲದೆ ದೊರೆಯುವುದೆಂದಾಯಿತು. ಜಗತ್ತಿನ ಬಾಳೆಯ ಬೆಳೆಯಲ್ಲಿ ಸುಮಾರು ಕಾಲುಭಾಗವು ಭಾರತದ್ದಾಗಿರುವಾಗ, ಒಂದೊಂದು ಗೊನೆಯ ಹಿಂದೆಯೂ ಒಂದೊಂದು ಹೂವೆಂದರೆ ಗುಂಡಿಗೆ ಬೀಳುವ ಆಹಾರವೆಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಆಹಾರಾಂಶಗಳ ಲೆಕ್ಕ

ನಮ್ಮ ದೇಶದ ಆಹಾರಪದಾರ್ಥಗಳನ್ನು ಕ್ರಮವಾಗಿ ಪರೀಕ್ಷಿಸುವ ಕಾರ್ಯವು ಹೊಸದಲ್ಲ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯನು ಚಿಕ್ಕದಾಗಿ ಆರಂಭಿಸಿದ ಸಂಶೋಧನೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಪ್ರಖ್ಯಾತವಾಗಿದೆ. ಆ ಸಂಸ್ಥೆಯಿಂದ ಸಿ. ಗೋಪಾಲನ್ ಮೊದಲಾದ ವಿದ್ವಾಂಸರು ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದಲ್ಲಿ ಬಾಳೆಯ ಹೂವಿಗೂ ಸ್ಥಾನವಿರುವುದು. ಅದರ ಪ್ರಕಾರ ತಿನ್ನಲು ಯೋಗ್ಯವಾದ 100 ಗ್ರಾಮ್ ಹಸಿಯ ಹೂವಿನಲ್ಲಿ ಇರುವ ಅಂಶಗಳು ಇವು:

ನೀರು — 89.9 ಗ್ರಾಮ್
ಪಿಷ್ಟ, ಸಕ್ಕರೆ ಮುಂತಾದುವು — 5.1 ಗ್ರಾಮ್
ಪ್ರೋಟೀನು — 1.7 ಗ್ರಾಮ್
ಕೊಬ್ಬು — 0.7 ಗ್ರಾಮ್
ನಾರು — 1.3 ಗ್ರಾಮ್
ಖನಿಜಗಳು ಒಟ್ಟು — 1.3 ಗ್ರಾಮ್
ಸುಣ್ಣಾಂಶ — 32 ಮಿಲಿಗ್ರಾಮ್
ರಂಜಕ — 42 ಮಿಲಿಗ್ರಾಮ್
ಕಬ್ಬಿಣ — 1.6 ಮಿಲಿಗ್ರಾಮ್
ಶಾಖಶಕ್ತಿ — 34 ಕಿಲೋಕ್ಯಾಲೊರಿ

ಈ ಅಂಕಿಗಳನ್ನು ಸುಮ್ಮನೆ ಓದಿದರೆ ಏನೂ ತಿಳಿಯದು, ಹೋಲಿಸಿ ನೋಡಬೇಕು. ಅದೇ ಕೋಷ್ಟಕದಲ್ಲಿ ಬಾಳೆಯ ಹಣ್ಣಿನ ಶಾಖಶಕ್ತಿ 116 ಕಿಲೋಕ್ಯಾಲೊರಿ, ಪಿಷ್ಟ ಸಕ್ಕರೆಗಳು 27 ಗ್ರಾಮಿಗೂ ಮೇಲು. ಒಂದೇ ಗಿಡದ ಒಂದೇ ದಂಟಿನಲ್ಲಿ ಹುಟ್ಟಿದ ಹಣ್ಣಿಗೂ ಹೂವಿಗೂ ಇಷ್ಟು ಅಂತರ! ಆಲೂಗಡ್ಡೆಯ ಶಕ್ತಿಯು 97. ಹೂವಿನದು ಅದರ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಆದುದರಿಂದ ಮೈಯ ತೂಕವು ಮಿತಿಮೀರಿದವರು, ಕುಳಿತು ಕೆಲಸ ಮಾಡುವವರು, ಊಟದಲ್ಲಿ ಅನ್ನದ ಭಾಗವನ್ನು ಕಡಮೆ ಮಾಡಿ ಪಲ್ಯದ ಭಾಗವನ್ನು ಹೆಚ್ಚಿಸಬೇಕಾದವರು ಇವರೆಲ್ಲರಿಗೂ ಈ ಹೂವು ಅನುಕೂಲವಾದುದು.

ನಾರಿನ ವಿಷಯದಲ್ಲಿ ಒಂದು ಮಾತು ಹೇಳಬೇಕು. ಮೇಲಿನ ಕೋಷ್ಟಕದ ನಾರಿನ ಅಂಕಿಯು ಹಳೆಯ ವಿಧಾನದ್ದು. ಪದಾರ್ಥವನ್ನು ಆಮ್ಲದಲ್ಲಿಯೂ ಕ್ಷಾರದಲ್ಲಿಯೂ ಕುದಿಸಿ ಉಳಿದುದನ್ನು ಮಾತ್ರ ಆಗ ನಾರೆಂದು ಎಣಿಸುತ್ತಿದ್ದರು. ನಮ್ಮ ಕರುಳು ಜೀರ್ಣಿಸಲಾರದ ಇತರ ಅಂಶಗಳು ಆ ಕುದಿತದಲ್ಲಿ ಕರಗಿಹೋಗುತ್ತಿದ್ದುವು. ಈಚಿನ ವಿಧಾನದಲ್ಲಿ ಅವುಗಳನ್ನೂ ಸೇರಿಸಿಕೊಳ್ಳುವುದರಿಂದ ಅಂಕಿಯು ಹೆಚ್ಚಾಗುವುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರವಿಜ್ಞಾನ ಸಂಶೋಧನಾಲಯದವರು ನಮ್ಮ ಏಲಕ್ಕಿಬಾಳೆಯ ಹೂವು, ದಿಂಡುಗಳನ್ನೇ ತೆಗೆದುಕೊಂಡು ನಡೆಸಿ 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇವು ನಾರಿನ ಒಳ್ಳೆಯ ಆಕರಗಳೆಂದು ಕಂಡುಬಂದಿದೆ. ಅಕ್ಕಿಯನ್ನು ನುಣ್ಣಗೆ ಮಾಡಿಸಿ ಉಣ್ಣುವ, ಮೈದಾಹಿಟ್ಟಿನ ತಿಂಡಿಗಳು ಹೆಚ್ಚಿರುವ ಇಂದಿನ ಊಟದಲ್ಲಿ ಕೊರತೆಯಾಗಿರುವುದು ಈ ನಾರೇ. ಮಲಬದ್ಧತೆಯಿಂದ ನರಳುವ ವೃದ್ಧರು ಇದರ ಬೆಲೆಯನ್ನು ಬಲ್ಲರು.

ಹೂವಿನಲ್ಲಿ ಪೊಟ್ಯಾಸಿಯಂ ಎಂಬ ಲವಣವೂ ಉಂಟು. ಉಪ್ಪು ಹೆಚ್ಚಾದ ಊಟಕ್ಕೆ ಇದು ಒಂದು ಸಮತೋಲನ. ಆದರೆ ಮೂತ್ರಪಿಂಡಗಳ ರೋಗವುಳ್ಳವರಿಗೆ ವೈದ್ಯರು ಈ ಲವಣವನ್ನು ಮಿತಗೊಳಿಸಿರಬಹುದಾದುದರಿಂದ ಅವರು ಕೇಳಿ ತಿನ್ನತಕ್ಕದ್ದು.

ಸುಣ್ಣಾಂಶದಲ್ಲಿ ಹೂವು ಬಡವ. ಅದರಲ್ಲಿ 32 ಮಿಲಿಗ್ರಾಮ್ ಇದ್ದರೆ ನಮ್ಮ ರಾಗಿಯಲ್ಲಿ 344 ಇರುವುದು. ಪ್ರೋಟೀನಿನಲ್ಲಿಯೂ ಹಾಗೆಯೇ, ತೊಗರಿಬೇಳೆಯ 22 ಗ್ರಾಮಿನ ಮುಂದೆ 1.7 ಎಷ್ಟರದು? ಇದನ್ನು ದೋಷವೆನ್ನಬೇಕಾಗಿಲ್ಲ, ತರಕಾರಿಯ ಕೆಲಸ ಬೇರೆ, ಧಾನ್ಯದ ಕೆಲಸ ಬೇರೆ. ಆದರೆ ಯಾವುದರಿಂದ ಯಾವುದನ್ನು ನಿರೀಕ್ಷಿಸಬೇಕೆಂಬುದು ಗೊತ್ತಿರಬೇಕು.

ಪೂರ್ವಿಕರ ಮತ

ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಬಾಳೆಯ ಹೂವನ್ನು ಶಾಕವರ್ಗಕ್ಕೆ ಸೇರಿಸಿದ್ದಾನೆ. ಅದು ಸ್ನಿಗ್ಧವೂ ಮಧುರವೂ ಒಗರೂ ಆಗಿ, ಜೀರ್ಣಕ್ಕೆ ಗುರುವಾಗಿ, ಶೀತಗುಣವುಳ್ಳದ್ದೆಂದೂ, ವಾತಪಿತ್ತಗಳನ್ನು ಶಮನಗೊಳಿಸಿ ರಕ್ತಪಿತ್ತಕ್ಕೂ ಕ್ಷಯಕ್ಕೂ ಹಿತವೆಂದೂ ಆತನ ಅಭಿಪ್ರಾಯ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಆತನು ಇದನ್ನು ಇಟ್ಟಿರುವುದು ಶಾಕಗಳ ನಡುವೆ, ಎಂದರೆ ತಿನ್ನುವ ಪದಾರ್ಥಗಳ ನಡುವೆ. ಎರಡನೆಯದಾಗಿ, ರಕ್ತಪಿತ್ತವೆಂದರೆ ಮೂಗು ಬಾಯಿ ಮುಂತಾದ ದ್ವಾರಗಳಿಂದ ರಕ್ತವು ಸ್ರವಿಸುವ ವ್ಯಾಧಿ. ಒಗರುಳ್ಳ ಪದಾರ್ಥವು ಸ್ರಾವವನ್ನು ತಡೆಯುವುದೆಂಬುದು ಆ ಶಾಸ್ತ್ರದ ಮತ. ಸ್ರಾವವನ್ನು ತಡೆಯುವುದು ಬೇರೆ; ಹೊಸ ರಕ್ತವನ್ನು ಉತ್ಪತ್ತಿಮಾಡುವುದು ಬೇರೆ. ಸ್ತ್ರೀಯರ ತಿಂಗಳ ಸ್ರಾವವು ಅಧಿಕವಾದಾಗ ಬಾಳೆಹೂವನ್ನು ಬೇಯಿಸಿ ಮೊಸರಿನೊಡನೆ ಕೊಡುವ ಮನೆಮದ್ದು ಇದೇ ಒಗರಿನ ಗುಣವನ್ನು ನಂಬಿ ಬಂದುದು. ಕಾಲಕ್ರಮದಲ್ಲಿ ‘ರಕ್ತ ಹೋಗುವುದಕ್ಕೆ ಮದ್ದು’ ಎಂಬ ಮಾತು ‘ರಕ್ತವಿಲ್ಲದುದಕ್ಕೆ ಮದ್ದು’ ಎಂದು ಮಾರ್ಪಟ್ಟಿರುವಂತೆ ತೋರುವುದು.

ಕಬ್ಬಿಣದ ಮಾತು

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಬಾಳೆಹೂವಿನ 100 ಗ್ರಾಮಿನಲ್ಲಿ 50 ಮಿಲಿಗ್ರಾಮಿಗೂ ಮೇಲ್ಪಟ್ಟು ಕಬ್ಬಿಣವಿದೆಯೆಂಬ ಹೇಳಿಕೆಯು ಎಲ್ಲೆಡೆಯೂ ಪ್ರಚಾರದಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ವಿಧಿಸಿದಂತೆ ವಯಸ್ಕ ಸ್ತ್ರೀಗೆ ದಿನಕ್ಕೆ ಬೇಕಾದ ಕಬ್ಬಿಣವು 29 ಮಿಲಿಗ್ರಾಮ್, ಪುರುಷನಿಗೆ 19. ಆ ಹೇಳಿಕೆಯು ನಿಜವಾಗಿದ್ದ ಪಕ್ಷದಲ್ಲಿ ಅರವತ್ತು ಗ್ರಾಮ್ ಪಲ್ಯ ತಿಂದರೆ ಒಬ್ಬ ಹೆಣ್ಣುಮಗಳ ಒಂದು ದಿನದ ಕಬ್ಬಿಣವು ಸಂದುಹೋಗಬೇಕು. ಬಾಳೆ ಬೆಳೆಯುವ ಸೀಮೆಗಳಲ್ಲಿ ರಕ್ತಹೀನತೆಯ ಹೆಸರೇ ಇರಕೂಡದು. ಸಂಸ್ಥೆಯ ಕೋಷ್ಟಕದ ಅಂಕಿಯಾದರೋ 1.6. ಎಂದರೆ ಸ್ತ್ರೀಯ ಅಗತ್ಯದ ಹದಿನೆಂಟರಲ್ಲಿ ಒಂದು ಪಾಲು. ಒಬ್ಬರ ಎಲೆಗೆ 75 ಗ್ರಾಮ್ ಹೂವು ಬಂದರೆ ಅದರಲ್ಲಿರುವುದು 1.2 ಮಿಲಿಗ್ರಾಮ್ ಮಾತ್ರ. ಅಷ್ಟೇ ತೂಕದ ರಾಗಿಯಲ್ಲಿ ಇದರ ಎರಡರಷ್ಟಕ್ಕಿಂತ ಹೆಚ್ಚು ಕಬ್ಬಿಣವುಂಟು.

ಒಣಗಿಸಿದ ಹೂವಿನ ಪುಡಿಯನ್ನು ಮಾರುವವರು ಹೇಳುವ ಅಂಕಿಗಳನ್ನೂ ಎಚ್ಚರದಿಂದ ಓದಬೇಕು. ಹಸಿಯ ಹೂವಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ನೀರು ಆರಿದರೆ ಉಳಿಯುವುದು ಹತ್ತು ಪಾಲು. ಆದುದರಿಂದ ಪುಡಿಯ ಲೆಕ್ಕದಲ್ಲಿ ಪ್ರತಿಯೊಂದು ಅಂಶವೂ ಹತ್ತರಷ್ಟಾಗಿ ತೋರುವುದು. ಆದರೆ ನೂರು ಗ್ರಾಮ್ ಪುಡಿಯನ್ನು ಒಂದೇ ದಿನದಲ್ಲಿ ತಿನ್ನುವವರು ಯಾರು? ಚಮಚೆಯಷ್ಟು ಪುಡಿಯೆಂದರೆ ಕೆಲವೇ ಗ್ರಾಮ್.

ಹೂವನ್ನು ಹೆಚ್ಚಿದೊಡನೆ ಕಪ್ಪಾಗುವುದರಿಂದ ಆ ಕಪ್ಪೇ ಕಬ್ಬಿಣವೆಂದು ಅನೇಕರು ಭಾವಿಸಿರುವರು. ಕಪ್ಪಿಗೆ ಕಾರಣವು ಬೇರೆ. ಹೂವಿನಲ್ಲಿರುವ ಒಗರಿನ ದ್ರವ್ಯಗಳು, ಹೆಚ್ಚಿದಾಗ, ಗಿಡದ್ದೇ ಆದ ಒಂದು ಕಿಣ್ವದ ಸಹಾಯದಿಂದ ಗಾಳಿಯೊಡನೆ ಸೇರಿ ಕಂದುವುವು. ಬದನೆಕಾಯಿ ಕಂದುವುದೂ ಹೀಗೆಯೇ. ಇದಲ್ಲದೆ ಕಬ್ಬಿಣದ ಈಳಿಗೆಮಣೆಯಲ್ಲಿ ಹೆಚ್ಚಿದರೆ ಆ ಒಗರು ಈಳಿಗೆಯ ಕಬ್ಬಿಣವನ್ನೇ ಹಿಡಿದು ಕರಿಯ ಬಣ್ಣವನ್ನು ಉಂಟುಮಾಡುವುದು. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಬರೆಯುವ ಶಾಯಿಯನ್ನು ತಯಾರಿಸುತ್ತಿದ್ದರು. ಅಳಲೆಯಲ್ಲಿರುವುದು ಒಗರು, ಅನ್ನಭೇದಿಯಲ್ಲಿರುವುದು ಕಬ್ಬಿಣ. ಎರಡೂ ಕೂಡಿದರೆ ನೀರಿಗೂ ಸುಲಭವಾಗಿ ಬಿಡದ ಕಪ್ಪು. ಹೆಚ್ಚುವ ಮಣೆಯ ಮೇಲೆ ನಡೆಯುವುದೂ ಅದೇ. ಅಷ್ಟೇ ಅಲ್ಲ, ನಮ್ಮ ಹೊಟ್ಟೆಯೊಳಗೆ ನಡೆಯುವುದೂ ಬಹುಮಟ್ಟಿಗೆ ಅದೇ. ಒಗರು ಆಹಾರದ ಕಬ್ಬಿಣವನ್ನು ಹಿಡಿದುಕೊಂಡು ಕರುಳು ಹೀರದಂತೆ ಮಾಡುವುದು. ಕಬ್ಬಿಣದ ಮಾತ್ರೆಯನ್ನು ಚಹದೊಡನೆಯೂ ಕಾಫಿಯೊಡನೆಯೂ ನುಂಗಬಾರದೆಂದು ವೈದ್ಯರು ಹೇಳುವುದಕ್ಕೆ ಇದೇ ಕಾರಣ. ಎಂದ ಮೇಲೆ ಆ ಕಪ್ಪು, ಕಬ್ಬಿಣವನ್ನು ಕೊಡುವ ಗುಣದ ಗುರುತಲ್ಲ. ಕಬ್ಬಿಣವನ್ನು ಹಿಡಿದಿಡುವ ಗುಣದ ಗುರುತು.

ಇದೇನು ಕೇವಲ ಪಂಡಿತರ ವಾದವೇ ಎಂದು ಕೇಳಬಹುದು. ಅಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿರುವುದು. ಎಂದರೆ ಎರಡು ಮನೆಗಳಲ್ಲಿ ಒಂದರಲ್ಲಿಯಾದರೂ ಈ ತೊಂದರೆ ಇದ್ದೇ ಇರುವುದೆಂದು ತಿಳಿಯಬೇಕು. ನಮ್ಮ ಬೀದಿಯ ಒಂದು ಮನೆಯಲ್ಲಿ ಬಾಣಂತನ ಮುಗಿಸಿದ ಸೊಸೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಅತ್ತೆಯವರು ಪ್ರೀತಿಯಿಂದಲೇ ವಾರಕ್ಕೆ ಮೂರು ಸಲ ಬಾಳೆಹೂವು ಬಿಡಿಸಿ ಬೇಯಿಸಿ ಹಾಕಿದರು. ಐದು ತಿಂಗಳು ಕಳೆದರೂ ಮುಖದ ಬಿಳುಪು ಹೋಗಲಿಲ್ಲ. ಕೊನೆಗೆ ಪರೀಕ್ಷೆ ಮಾಡಿಸಿದಾಗ ಹನ್ನೆರಡು ಗ್ರಾಮ್ ಇರಬೇಕಾದ ಹಿಮೋಗ್ಲೋಬಿನು ಏಳೂವರೆಗೆ ಇಳಿದಿತ್ತು. ವೈದ್ಯರು ಕೊಟ್ಟ ಮಾತ್ರೆಗಳಿಂದ ಮೂರು ತಿಂಗಳಲ್ಲಿ ಅದು ಹನ್ನೊಂದನ್ನು ದಾಟಿತು. ಆ ಅತ್ತೆಯವರ ವಾತ್ಸಲ್ಯದಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ಲೆಕ್ಕದಲ್ಲಿ. ಐದು ತಿಂಗಳು ಆ ಹುಡುಗಿ ಪಟ್ಟ ಬಳಲಿಕೆಗೆ ಕಾರಣವು ಒಂದು ಜನಪ್ರವಾದ.

ಆದುದರಿಂದ ಆಯಾಸ, ಏದುಸಿರು, ಮುಖ ಉಗುರುಗಳ ಬಿಳುಪು, ಅತಿಯಾದ ತಿಂಗಳ ಸ್ರಾವ ಇವು ಕಂಡುಬಂದರೆ ಮೊದಲು ರಕ್ತಪರೀಕ್ಷೆಯಾಗಬೇಕು. ಕಾರಣವು ಆಹಾರದ ಕೊರತೆಯೇ ಆಗಿರಬೇಕೆಂದಿಲ್ಲ. ಕರುಳಿನ ಹುಳುಗಳಿರಬಹುದು, ಗರ್ಭಕೋಶದ ತೊಂದರೆಯಿರಬಹುದು. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಯೋಜನೆಯ ಪ್ರಕಾರ ಗರ್ಭಿಣಿಯು ನಾಲ್ಕನೆಯ ತಿಂಗಳಿಂದ 180 ದಿನಗಳ ಕಾಲ ದಿನಕ್ಕೊಂದರಂತೆ 60 ಮಿಲಿಗ್ರಾಮ್ ಕಬ್ಬಿಣದ ಮಾತ್ರೆಯನ್ನು ತೆಗೆದುಕೊಳ್ಳಬೇಕು. ಆ ಒಂದು ಮಾತ್ರೆಯ ಕಬ್ಬಿಣಕ್ಕೆ ಸಮನಾಗಬೇಕಾದರೆ ಮೂರುಮುಕ್ಕಾಲು ಕಿಲೋಗ್ರಾಮ್ ಬಾಳೆಹೂವು ಬೇಕಾಗುವುದು. ಹೂವಿನ ಪಲ್ಯವು ಮಾತ್ರೆಯ ಜೊತೆಗಿರಲಿ; ಮಾತ್ರೆಗೆ ಬದಲಾಗುವುದು ಬೇಡ.

ಮಧುಮೇಹದ ಮಾತು

ಮಧುಮೇಹದ ವಿಷಯದಲ್ಲಿ ಕೀರ್ತಿಗೆ ಸ್ವಲ್ಪ ಆಧಾರವಿಲ್ಲದಿಲ್ಲ. ಔಷಧವನ್ನು ಕೊಟ್ಟು ಮಧುಮೇಹವನ್ನು ಬರಿಸಿದ ಇಲಿಗಳಿಗೆ ಹೂವಿನ ಸಾರವನ್ನು ಕುಡಿಸಿದಾಗ ರಕ್ತದ ಸಕ್ಕರೆಯು ಇಳಿಯಿತೆಂದು 2000ದಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದರು. ಆದರೆ ಅಲ್ಲಿ ಬಳಸಿದುದು ಕ್ಲೋರೋಫಾರ್ಮಿನಲ್ಲಿ ಇಳಿಸಿದ ಸಾರ, ತಿಂದವು ಇಲಿಗಳು. ಅಡಿಗೆಯ ಮನೆಯ ಪಲ್ಯಕ್ಕೂ ಮನುಷ್ಯನ ದೇಹಕ್ಕೂ ಅದನ್ನು ನೇರವಾಗಿ ಅನ್ವಯಿಸುವುದು ತರ್ಕಶಾಸ್ತ್ರದ ದೃಷ್ಟಿಯಿಂದ ಅತಿವ್ಯಾಪ್ತಿ ಎನಿಸುವುದು. ಮಧುಮೇಹಿಗೆ ಇದರಿಂದ ನಿಸ್ಸಂಶಯವಾಗಿ ದೊರೆಯುವ ಲಾಭವು ಸರಳವಾದುದು: ಪಿಷ್ಟ ಕಡಮೆ, ನಾರು ಹೆಚ್ಚು. ಆಲೂಗಡ್ಡೆಯ ಪಲ್ಯದ ಸ್ಥಾನದಲ್ಲಿ ಬಾಳೆಹೂವಿನ ಪಲ್ಯ ಬಂದರೆ ಊಟದ ಸಕ್ಕರೆಯ ಹೊರೆಯು ಇಳಿಯುವುದು. ಇದಕ್ಕಾಗಿ ವೈದ್ಯರು ಕೊಟ್ಟ ಔಷಧವನ್ನು ಯಾರೂ ನಿಲ್ಲಿಸಕೂಡದು.

ಅಡಿಗೆಯ ವಿಧಾನ

ಇಷ್ಟು ಹೇಳಿದ ಮೇಲೆ ಹೂವನ್ನು ಆದರದಿಂದ ಮನೆಯೊಳಗೆ ಕರೆದುಕೊಳ್ಳಬೇಕಷ್ಟೆ. ಎಸಳುಗಳು ಬಿಗಿಯಾಗಿ ಮುಚ್ಚಿದ, ಕೈಗೆ ಭಾರವಾಗಿ ತೋರುವ, ಬಾಡದ ಹೂವನ್ನು ಆರಿಸಬೇಕು. ಅಂಗೈಗಳಿಗೆ ಎಣ್ಣೆ ಸವರಿಕೊಳ್ಳಬೇಕು. ಇಲ್ಲದಿದ್ದರೆ ಸೊನೆಯು ಅಂಟುವುದು. ಬಟ್ಟೆಗೆ ತಗುಲಿದ ಕರೆಯು ಹೋಗುವುದಿಲ್ಲವಾದುದರಿಂದ ಹಳೆಯ ಸೀರೆಯುಟ್ಟು ಕುಳಿತುಕೊಳ್ಳುವುದು ಜಾಣತನ. ಕೆಂಪು ಎಸಳುಗಳನ್ನು ಒಂದೊಂದಾಗಿ ಕಳಚಿ, ಒಳಗಿನ ಸಣ್ಣ ಹೂವುಗಳನ್ನು ಕೂಡಿಸಿಟ್ಟುಕೊಳ್ಳಬೇಕು. ಒಂದೊಂದು ಹೂವಿನಲ್ಲಿಯೂ ನಡುವೆ ತಲೆಯುಳ್ಳ ಗಟ್ಟಿಯಾದ ಕಡ್ಡಿಯೊಂದೂ, ಬುಡದಲ್ಲಿ ಕಾಗದದಂತಹ ತೆಳುವಾದ ಬಿಳಿಯ ಎಸಳೊಂದೂ ಇರುವುವು. ಇವೆರಡೂ ಬೇಯುವುದಿಲ್ಲ; ತೆಗೆದುಹಾಕಲೇಬೇಕು. ಮನೆಯ ಮಕ್ಕಳನ್ನು ಸುತ್ತ ಕೂರಿಸಿಕೊಂಡರೆ ಈ ಕೆಲಸವು ಅರ್ಧ ಗಳಿಗೆಯದು. ಒಳಕ್ಕೆ ಹೋದಂತೆ ಎಸಳುಗಳು ಬೆಳ್ಳಗಾಗಿ ಕೊನೆಗೆ ಎಳೆಯ ತಿರುಳೊಂದು ಉಳಿಯುವುದು. ಅದನ್ನು ಇಡಿಯಾಗಿಯೇ ಹೆಚ್ಚಿಕೊಳ್ಳಬಹುದು.

ಹೆಚ್ಚಿದುದನ್ನು ಕೂಡಲೆ ನೀರುಮಜ್ಜಿಗೆಯಲ್ಲಿ ಹಾಕಬೇಕು. ಮಜ್ಜಿಗೆಯ ಹುಳಿಯು ಕಿಣ್ವದ ಕೆಲಸವನ್ನು ತಡೆದು ಕಪ್ಪಾಗದಂತೆ ಕಾಯುವುದು. ಒಗರೂ ಅದರಲ್ಲಿ ಇಳಿಯುವುದು. ಒಗರು ಇಳಿದಷ್ಟೂ ಕಬ್ಬಿಣವು ಬಿಡುಗಡೆಯಾಗುವುದೆಂಬುದನ್ನು ಮೇಲೆ ನೋಡಿದೆವು. ಅಜ್ಜಿಯರು ರುಚಿಗಾಗಿ ಮಾಡಿದ ಕೆಲಸದಲ್ಲಿ ಆರೋಗ್ಯದ ಲಾಭವೂ ಅಡಗಿತ್ತು. ಆದರೆ ರಾತ್ರಿಯೆಲ್ಲ ನೆನೆಯಿಟ್ಟರೆ ಒಳ್ಳೆಯ ಲವಣಗಳೂ ನೀರಿಗೆ ಹೋಗುವುವು. ಅರ್ಧ ಗಂಟೆಯು ಸಾಕು. ಅನಂತರ ಹಿಂಡಿ ತೆಗೆಯಬೇಕು.

ಮೈಸೂರಿನ ಕಡೆಯ ಪಲ್ಯಕ್ಕೆ ಒಂದು ಹೂವಿಗೆ ಅರ್ಧ ಪಾವು ತೊಗರಿಬೇಳೆಯನ್ನು ಎರಡು ಗಂಟೆ ನೆನೆಹಾಕಿ, ನಾಲ್ಕು ಒಣಮೆಣಸಿನಕಾಯಿ, ಇಂಗು, ಉಪ್ಪುಗಳೊಡನೆ ನೀರು ಸೇರಿಸದೆ ತರಿತರಿಯಾಗಿ ರುಬ್ಬಿ ಆವಿಯಲ್ಲಿ ಬೇಯಿಸಬೇಕು. ಆರಿದ ಮೇಲೆ ಪುಡಿಮಾಡಿ, ಸಾಸಿವೆ ಕರಿಬೇವುಗಳ ಒಗ್ಗರಣೆಯಲ್ಲಿ ಬೇಯಿಸಿದ ಹೂವಿನೊಡನೆ ಹುರಿದು, ಕಾಯಿತುರಿ ಉದುರಿಸಬೇಕು. ಒಲೆಯಿಂದ ಇಳಿಸಿದ ಮೇಲೆಯೇ ನಿಂಬೆಯ ರಸವನ್ನು ಹಿಂಡತಕ್ಕದ್ದು. ನಿಂಬೆಯಲ್ಲಿರುವ ‘ಸಿ’ ಜೀವಸತ್ತ್ವವು ಶಾಖಕ್ಕೆ ನಾಶವಾಗುವುದು. ಆ ಜೀವಸತ್ತ್ವವೇ ಸಸ್ಯಾಹಾರದ ಕಬ್ಬಿಣವನ್ನು ಕರುಳು ಹೀರುವಂತೆ ಮಾಡುವುದು. ಊಟವಾದ ಕೂಡಲೆ ಕಾಫಿ ಕುಡಿಯುವ ಅಭ್ಯಾಸವನ್ನು ಒಂದು ಗಂಟೆ ಮುಂದಕ್ಕೆ ಹಾಕಿದರೆ ಈ ಎಲ್ಲ ಶ್ರಮವೂ ಸಾರ್ಥಕವಾಗುವುದು.

ಮಲೆನಾಡಿನವರು ಇದರಿಂದ ಚಟ್ನಿಯನ್ನೂ ಸಾಸಿವೆಯನ್ನೂ ಮಾಡುವರು. ದಕ್ಷಿಣ ಕನ್ನಡದ ಪೂಂಬೆಯ ಚಟ್ನಿಯು ಗಂಜಿಯೊಡನೆ ಬಹಳ ರುಚಿ. ತಮಿಳರು ಕಡಲೆಬೇಳೆಯೊಡನೆ ರುಬ್ಬಿ ವಡೆ ಕರಿಯುವರು. ಮಲೆಯಾಳಿಗಳು ಹೆಸರುಕಾಳು ಬೆರೆಸಿ ತೋರನ್ ಮಾಡುವರು. ಪ್ರಾಂತ ಬೇರೆಯಾದರೂ ಹೂವಿಗೆ ಬೇಳೆಯೋ ಕಾಳೋ ಜೊತೆಯಾಗಿಯೇ ಇರುವುದನ್ನು ಗಮನಿಸಬೇಕು. ಹೂವಿನಲ್ಲಿ ಇಲ್ಲದ ಪ್ರೋಟೀನನ್ನು ಬೇಳೆಯು ತುಂಬುವುದು. ಬೇಳೆಗೆ ಇನ್ನಷ್ಟು ನಾರನ್ನೂ ರುಚಿಯನ್ನೂ ಹೂವು ಸೇರಿಸುವುದು. ಕೋಷ್ಟಕಗಳು ಹುಟ್ಟುವ ಮೊದಲೇ ಈ ದೇಶದ ಅಡಿಗೆಯವರು ಕಂಡುಕೊಂಡ ಸಾಮರಸ್ಯವಿದು.

ಹಿತ್ತಿಲಲ್ಲಿ ಬಾಳೆಯಿರುವವರು ಈ ಸಲ ಕೊನೆಯ ಚಿಪ್ಪು ಬಿಟ್ಟ ಮೇಲೆ ಹೂವನ್ನು ಕೊಯ್ದು ಒಳಗೆ ತರಲಿ. ಇಲ್ಲದವರು ಸಂತೆಯಲ್ಲಿ ಕೇಳಿ ತರಲಿ. ಕೇಳುವವರಿದ್ದರೆ ತರುವವರೂ ಹುಟ್ಟುವರು, ರೈತನಿಗೆ ನಾಲ್ಕು ಕಾಸೂ ದೊರೆಯುವುದು. ಅದನ್ನು ಅಡಿಗೆಯ ಮನೆಯ ಮಣೆಯ ಮೇಲೆ ಇಡೋಣ. ಔಷಧದ ಪೆಟ್ಟಿಗೆಯಲ್ಲಿ ಇಡುವುದು ಬೇಡ. ತರಕಾರಿಯಾಗಿ ಅದಕ್ಕೆ ಸಲ್ಲಬೇಕಾದ ಗೌರವವನ್ನು ಕೊಟ್ಟರೆ ಅದು ತನ್ನ ಕೆಲಸವನ್ನು ಚೆನ್ನಾಗಿ ಮಾಡುವುದು. ವೈದ್ಯನಾಗೆಂದು ಅದನ್ನು ಒತ್ತಾಯಿಸಿದರೆ ರೋಗಿಗೂ ನ್ಯಾಯವಿಲ್ಲ, ಹೂವಿಗೂ ನ್ಯಾಯವಿಲ್ಲ.